ಕಪ್ಪಾಗದ ಪಟ್ಟಿ

ಆಸ್ಪತ್ರೆಯ ನೆಲಮಾಳಿಗೆ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮಹಡಿ ಮೇಲೆ ಬಟ್ಟೆ ಒಣಗಿಸಲು ಭಾವ ಈಗಲಾದರೂ ತಾವೇ ಹೋಗುತ್ತಾರೋ, ಅಥವಾ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಕೆಮ್ಮುತ್ತಾರೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಮೂರು ದಿನದಿಂದ ಊಟದ ಡಬ್ಬಿಯನ್ನು ಹಾಗೆಯೇ ಮನೆಗೆ ವಾಪಸ್ ಒಯ್ಯುತ್ತಿದ್ದೇನೆ. ಭಯವಾಗುತ್ತಿದೆ ಅಕ್ಕಾ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಎಲ್ಲಾ ಶುರುವಾದದ್ದು ಅದರಿಂದಲೇ. ನನ್ನನ್ನು ನಮ್ಮ ಚರ್ಚಿನ ಸಭೆಯ ಹಿರಿಯನನ್ನಾಗಿ ಆರಿಸಿದ್ದಾರೆ. ಈ ಭಾನುವಾರ ಕರ್ತನ ಭೋಜನದ ದ್ರಾಕ್ಷಾರಸದ ಪಾತ್ರೆಯನ್ನು ನಾನೇ ಹಿಡಿದು ಸಾಲಿನಿಂದ ಸಾಲಿಗೆ ಹೋಗಬೇಕು. ಸೋಮವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ಸಭಾಪಾಲಕರು ಎಲ್ಲರೆದುರು, "ಕೈಯೂ ಶುದ್ಧ, ಹೃದಯವೂ ಶುದ್ಧ, ಇನ್ನೇನು ಬೇಕು?" ಎಂದರು. ಎಲ್ಲರೂ ನಕ್ಕರು. ಇಲ್ಲಿಯ ನರ್ಸುಗಳು ನನ್ನನ್ನು ಸೋಪಣ್ಣ ಎಂದು ಕರೆಯುವುದು ಅವರಿಗೂ ಗೊತ್ತಿದೆಯಲ್ಲ. ಹದಿನೇಳು ವರ್ಷದಿಂದ ಆಪರೇಷನ್ ಕತ್ತರಿ, ಇಕ್ಕಳಗಳನ್ನು ತೊಳೆದು, ಸುತ್ತಿ, ಆವಿಯಂತ್ರದಲ್ಲಿ ಶುದ್ಧ ಮಾಡಿ ಮೇಲೆ ಕಳಿಸುತ್ತಿದ್ದೇನೆ. ಒಂದು ಟ್ರೇಯೂ ತಡವಾದದ್ದಿಲ್ಲ, ಒಂದೂ ವಾಪಸ್ ಬಂದದ್ದಿಲ್ಲ. ಆ ಹೆಸರಿನ ಮೇಲೆ ನನಗೆ ಎಂಥ ವ್ಯಾಮೋಹವಿತ್ತು ಎಂಬುದು ಈಗ ತಿಳಿಯುತ್ತಿದೆ.

ಯಂತ್ರದ ನಡುವೆ ಒಂದು ಪರೀಕ್ಷೆಯ ಗಂಟು ಇಡುತ್ತೇವೆ. ಅದರೊಳಗೆ ಬೆರಳುದ್ದದ ಕಾಗದದ ಪಟ್ಟಿ. ಆವಿ ಒಳಗಿನವರೆಗೆ ತಲುಪಿದರೆ ಪಟ್ಟಿ ಕಪ್ಪಾಗುತ್ತದೆ. ನಮ್ಮ ಕೋಣೆಯಲ್ಲಿ ಕಪ್ಪಾದರೇನೇ ಶುದ್ಧ, ನೋಡು! ಸೋಮವಾರ ಕೂಟಕ್ಕೆ ಬೇಗ ಹೊರಡುವ ಆತುರದಲ್ಲಿ ಎರಡು ಸಲದ ಸಾಮಾನನ್ನು ಒಂದೇ ಸಲಕ್ಕೆ ತುರುಕಿದೆ. ಗಂಟು ಮುಟ್ಟಿದರೆ ಕೈ ಸುಡುತ್ತಿತ್ತು. ಬಿಚ್ಚಿದರೆ ಪಟ್ಟಿ ಪೇಲವ ಕಂದು. ಮತ್ತೆ ಹಾಕಿದ್ದರೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ತುರುಕಿದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಮೇಲಿನಿಂದ ಆಪರೇಷನ್ ಥಿಯೇಟರಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ, ರಿಜಿಸ್ಟರಿನಲ್ಲಿ "ಸರಿ" ಎಂದು ಬರೆದು ಸಹಿ ಮಾಡಿದೆ. ಉಳಿದ ಟ್ರೇಗಳನ್ನು ಮರುದಿನ ಯಾರೂ ಬರುವ ಮೊದಲೇ ಬಂದು ಮತ್ತೆ ಆವಿಗೆ ಹಾಕಿದೆ. ಒಂದು ಮಾತ್ರ ಆಗಲೇ ಮೇಲೆ ಹೋಗಿಬಿಟ್ಟಿತ್ತು, ಒಬ್ಬ ಟೈಲರಮ್ಮನ ಹೊಟ್ಟೆಯ ಆಪರೇಷನ್ನಿಗೆ.

ಮಂಗಳವಾರ ಅವರಿಗೆ ಜ್ವರ ಏರಿತು. ಡಾಕ್ಟರು ಔಷಧಿ ಬದಲಾಯಿಸುತ್ತಲೇ ಇದ್ದಾರೆ, ಕಾರಣ ಸಿಕ್ಕಿಲ್ಲ. ಬೇರೇನಾದರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವರ ಗಂಡ ಮೆಟ್ಟಿಲ ಬಳಿ ಬೆಂಚಿನ ಮೇಲೆ ಕುಳಿತು ಹೆಂಡತಿಯ ಕನ್ನಡಕವನ್ನು ಒರೆಸುತ್ತಿರುತ್ತಾರೆ. ನಿನ್ನೆ ನನ್ನ ಕೈ ಹಿಡಿದುಕೊಂಡು, "ನೀವು ಪ್ರಾರ್ಥನೆ ಮಾಡೋರಂತೆ. ನಿಮ್ಮಂಥೋರು ಕೇಳಿದ್ರೆ ದೇವ್ರು ಇಲ್ಲ ಅನ್ನಲ್ಲ" ಎಂದರು. ಕೆಳಗೆ ಬಂದು ಯಂತ್ರದ ಪಕ್ಕ ಮೊಣಕಾಲೂರಿದೆ. ಆಕೆಯನ್ನು ಉಳಿಸು ಸ್ವಾಮಿ ಎಂದು ಕಣ್ಣೀರು ಹಾಕಿಯೇ ಬೇಡಿದೆ. ನಡುವೆ ನನಗೇ ಕೇಳಿಸಿತು, ನಾನು ಏನು ಬೇಡುತ್ತಿದ್ದೇನೆ ಎಂದು. ಆಕೆ ಸತ್ತರೆ ರಿಜಿಸ್ಟರ್ ತೆಗೆಯುತ್ತಾರಲ್ಲ, ಆ ಹೆದರಿಕೆ ಪ್ರಾರ್ಥನೆಯ ಒಳಗೇ ಕುಳಿತಿತ್ತು. ಅರ್ಧದಲ್ಲೇ ಎದ್ದುಬಿಟ್ಟೆ.

ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ನೀನು ಬಾಗಿಲಲ್ಲಿ ತಡೆದು "ಉಗುರು ತೋರ್ಸು" ಎನ್ನುತ್ತಿದ್ದೆ. ನಾನು ಠೀವಿಯಿಂದ ತೋರಿಸುತ್ತಿದ್ದೆ. ಆಮೇಲೆ ನೀನು "ಈಗ ಕಣ್ಣು ತೋರ್ಸು" ಎನ್ನುತ್ತಿದ್ದೆ. ಪಕ್ಕದ ಮನೆಯ ಪೆನ್ಸಿಲ್ ಕದ್ದ ವಾರ ನಾನು ನೆಲ ನೋಡುತ್ತಾ ನಿಂತದ್ದು ನಿನಗೆ ನೆನಪಿದೆಯೋ ಇಲ್ಲವೋ. ಹೃದಯ ಶುದ್ಧವಾಗಿದ್ದವರಿಗೆ ದೇವರು ಕಾಣುತ್ತಾನೆ ಎಂದು ಅಂದಿನಿಂದ ಕೇಳುತ್ತಾ ಬಂದಿದ್ದೇನೆ. ಅದು ತಪ್ಪೇ ಮಾಡದ ಹೃದಯ ಎಂದುಕೊಂಡಿದ್ದೆ. ಬಹುಶಃ ಹಾಗಲ್ಲ. ಆತನ ಎದುರು ಏನನ್ನೂ ಬಚ್ಚಿಡದ ಹೃದಯವಿರಬೇಕು. ನಾನಂತೂ ಪಟ್ಟಿಯನ್ನು ಅಂಗಿಯಿಂದ ಅಂಗಿಗೆ ಬದಲಾಯಿಸುತ್ತಾ ಓಡಾಡುತ್ತಿದ್ದೇನೆ. ಕೈ ತೊಳೆದೂ ತೊಳೆದೂ ಚರ್ಮ ಬಿರಿದಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನನಗಾಗಿ ಪ್ರಾರ್ಥಿಸು. ಆದರೆ ನಾನು ಒಳ್ಳೆಯವನು ಎಂದುಕೊಂಡು ಪ್ರಾರ್ಥಿಸಬೇಡ.

ನಿನ್ನ ತಮ್ಮ,
ಸೋಪಣ್ಣ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ನರ್ಸ್ ಓಡಿಬಂದಳು. "ಸೋಪಣ್ಣಾ, ಜ್ವರ ಇಳೀತು! ಟೈಲರಮ್ಮ ಕಣ್ಣು ಬಿಟ್ಟು ಕನ್ನಡಕ ಕೇಳಿದ್ರು!" ನನಗೆ ಮೊದಲು ಬಂದದ್ದು ಸ್ತೋತ್ರವಲ್ಲ ಅಕ್ಕಾ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ. ಜ್ವರಕ್ಕಿಂತ ಇದಕ್ಕೇ ಹೆಚ್ಚು ಹೆದರಿದೆ. ಈ ಸಮಾಧಾನ ಒಳಗೆ ಬೇರು ಬಿಡುವ ಮೊದಲು ಮೇಲೆ ಹೋಗುತ್ತಿದ್ದೇನೆ. ರಿಜಿಸ್ಟರ್ ಕಂಕುಳಲ್ಲಿದೆ, ಪಟ್ಟಿ ಕೈಯಲ್ಲಿದೆ. ಹೆಡ್ ನರ್ಸಿಗೆ, ಡಾಕ್ಟರಿಗೆ, ಆಮೇಲೆ ಆ ಬೆಂಚಿನ ಮೇಲಿನ ಮನುಷ್ಯನಿಗೆ ಹೇಳಬೇಕು. ಭಾನುವಾರ ಪಾತ್ರೆ ಬೇರೆಯವರ ಕೈಯಲ್ಲಿರುತ್ತದೆ, ಕೆಲಸ ಉಳಿಯುತ್ತದೋ ಇಲ್ಲವೋ. ಮುಂದಿನ ಸಲ ನೀನು ಬಂದಾಗ ಉಗುರು ಕೇಳಬೇಡ, ಕಣ್ಣು ಕೇಳು.