ಅಪ್ಪ ಮತ್ತು ಲಾರ್ಡ್ ನಾರ್ತ್

ಫೆಬ್ರವರಿ 3, ಸೋಮವಾರ

ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾಯಿತು. ಆಮೇಲೆ ಎಂದಿನಂತೆ ಪಾಠ. ಲಾರ್ಡ್ ನಾರ್ತ್ ಮೇಲಿನ ನನ್ನ ಥೀಸಿಸ್ ಜೋರಾಗಿ ಓದಿದರೆ ತಪ್ಪು ತಿಳಿಯುತ್ತದೆ ಅಂತ ಗೈಡ್ ಅನಂತಪದ್ಮನಾಭ ಸರ್ ಹೇಳಿದ್ದು. ಕೇಳುವ ಕಿವಿ ಅಪ್ಪನದು. ಕುಂಬಾರಕೊಪ್ಪಲಿನ ನಮ್ಮ ಕೇರಿಯ ಯಜಮಾನ, ನಮ್ಮಪ್ಪ ಚೆಲುವಯ್ಯನವರಿಗೆ ಹದಿನೆಂಟನೇ ಶತಮಾನದ ಬ್ರಿಟನ್ ಪ್ರಧಾನಿಯ ಹುಚ್ಚು ಹತ್ತಿದೆ!

ಇವತ್ತು ನಾರ್ತ್ ತೂಕಡಿಸಿದ ಭಾಗ. ಪ್ರಧಾನಿ ನಿದ್ದೆ ಮಾಡುತ್ತಿದ್ದಾರೆ ಅಂತ ಸಂಸತ್ತಿನಲ್ಲಿ ಯಾರೋ ದೂರಿದರೆ, ‘ನಿದ್ದೆ ಬಂದಿದ್ದರೆ ಚೆನ್ನಾಗಿತ್ತು’ ಅಂದನಂತೆ. ಅಪ್ಪ ನಕ್ಕಿದ್ದೇ ನಕ್ಕಿದ್ದು.

“ನಮ್ ಕೇರಿ ಮೀಟಿಂಗ್‌ಗೆ ಕರೀಬೇಕಿತ್ತು ಆವಯ್ಯನ್ನ.”

ಫೆಬ್ರವರಿ 6, ಗುರುವಾರ

ಇವತ್ತಿನ ಪುಟಗಳಲ್ಲಿ ಅಮೆರಿಕ ಬ್ರಿಟನ್ನಿನ ಕೈಬಿಟ್ಟುಹೋಗುತ್ತಿದೆ. ನಾರ್ತ್‌ಗೆ ಸಾಕಾಗಿದೆ. ರಾಜೀನಾಮೆ ಅಂತ ಮತ್ತೆ ಮತ್ತೆ ಕೇಳುತ್ತಾನೆ. ರಾಜ ಬಿಡುವುದಿಲ್ಲ.

“ನನ್ನಂಗೇ ಕಣವ್ವ. ನಾನ್ ಸಾಕು ಅಂದ್ರೂ ಕೇರಿ ಬುಡ್ತದಾ?”

“ಕಣ್ಣಿನ ವಿಷಯ ಹೇಳಿ ಅಪ್ಪ. ಬಿಡ್ತಾರೆ.”

ಅಪ್ಪನ ಮುಖ ಗಂಟು. ಗ್ಲಾಕೋಮಾ. ಹೋದ ದೃಷ್ಟಿ ಬರಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದಿದ್ದಾರೆ ಡಾಕ್ಟರು. ನನ್ನನ್ನೂ ಅಮ್ಮನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೇರಿ ಅಯ್ಯೋ ಪಾಪ ಅನ್ನಬಾರದಂತೆ. ಜಂಭ... ಜಂಭ ಅಂತ ಬರೆದೆ, ಅಳು ಬಂತು.

ಫೆಬ್ರವರಿ 9, ಭಾನುವಾರ

ಆಗಬಾರದ್ದು ಆಯಿತು. ಕೇರಿ ಸಭೆ ಮುಗಿದು ತಾಂಬೂಲ ಕೊಡುವ ಹೊತ್ತು. ಮೊದಲ ತಾಂಬೂಲ ಹಿರೀಮನೆಯ ಚಿಕ್ಕಬಸವಯ್ಯ ದೊಡ್ಡಪ್ಪನಿಗೆ. ತಾತನ ಕಾಲದಿಂದ ಹಾಗೇ. ಅಪ್ಪ ಅದನ್ನು ದೊಡ್ಡಪ್ಪನ ಪಕ್ಕದಲ್ಲಿದ್ದ ಅವರ ತಮ್ಮ ಹುಚ್ಚಯ್ಯನ ಕೈಗೆ ಕೊಟ್ಟುಬಿಟ್ಟರು. ಇಬ್ಬರದೂ ಒಂದೇ ಮೈಕಟ್ಟು, ಅದೇ ಬಿಳಿ ಶರ್ಟು. ಆ ಅಣ್ಣತಮ್ಮಂದಿರ ನಡುವೆ ಸೈಟಿನ ಜಗಳ ಬೇರೆ.

“ನೀನ್ ಯಾರ್ ಕಡೆ ಅಂತ ಗೊತ್ತಾಯ್ತು ಬುಡು ಚೆಲುವ.” ದೊಡ್ಡಪ್ಪ ಟವೆಲ್ ಕೊಡವಿ ಎದ್ದು ಹೋದರು.

ಅಪ್ಪನೂ ದೊಡ್ಡಪ್ಪನೂ ಚಡ್ಡಿ ಹಾಕುವ ಕಾಲದ ಗೆಳೆಯರು. ಕಣ್ಣು ಕಾಣಲಿಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಫೆಬ್ರವರಿ 27, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ದೊಡ್ಡಪ್ಪ ಈ ಕಡೆ ತಲೆ ಹಾಕಿಲ್ಲ. ಅಪ್ಪ ಜಗಲಿಗೂ ಬರುತ್ತಿಲ್ಲ, ಊಟವೂ ಅಷ್ಟಕ್ಕಷ್ಟೇ. “ಒಂದ್ ಮಾತ್ ಹೇಳಕ್ಕೆ ನಿಮ್ಮಪ್ಪನ ಗಂಟೇನ್ ಹೋಗದು?” — ಅಮ್ಮನ ಗೊಣಗಾಟ.

ಇವತ್ತು ಕೊನೆಯ ಅಧ್ಯಾಯ ಓದಿದೆ. ಬೇಕೆಂದೇ. ಅಧಿಕಾರ ಹೋದ ಮೇಲೆ ನಾರ್ತ್‌ಗೂ ಕಣ್ಣು ಹೋಯಿತು. ಅವನ ಹೆಣ್ಣುಮಕ್ಕಳು ಓದಿ ಹೇಳುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿದರು. ನಾನು ನಿಲ್ಲಿಸಲಿಲ್ಲ. ಕರ್ನಲ್ ಬರ್ರೆ ಅಂತೊಬ್ಬ. ಸಂಸತ್ತಿನಲ್ಲಿ ವರ್ಷಗಟ್ಟಲೆ ನಾರ್ತ್‌ನನ್ನು ಹಿಗ್ಗಾಮುಗ್ಗಾ ಬೈದವನು. ಅವನಿಗೂ ಕಣ್ಣು ಹೋಗಿತ್ತು. ವಯಸ್ಸಾದ ಮೇಲೆ ಇಬ್ಬರೂ ಎದುರಾದರು. ನಾವು ಎಷ್ಟೇ ಜಗಳ ಆಡಿರಲಿ, ಒಬ್ಬರನ್ನೊಬ್ಬರು ನೋಡಿದರೆ ನಮ್ಮಷ್ಟು ಖುಷಿಪಡುವವರು ಇನ್ಯಾರೂ ಇಲ್ಲ — ಹಾಗಂದನಂತೆ ನಾರ್ತ್.

ಅಪ್ಪ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

“ಎಷ್ಟ್ ಸಲೀಸಾಗಿ ಹೇಳ್ಬುಟ್ಟ ನೋಡು ಆವಯ್ಯ.”

ಮಾರ್ಚ್ 2, ಭಾನುವಾರ, ಬೆಳಿಗ್ಗೆ

ಕಾಫಿ ಕುಡಿದವರೇ ಅಪ್ಪ ಚಪ್ಪಲಿ ಹುಡುಕಿದರು. “ಬಸವಣ್ಣನ ಮನೆಗೆ ಕರ್ಕೊಂಡ್ ನಡಿ ಮಂಜು.” ನನ್ನ ಕೈ ಹಿಡಿಯಲಿಲ್ಲ. ಗೋಡೆ ಸವರಿಕೊಂಡೇ ಬಂದರು.

ದೊಡ್ಡಪ್ಪ ಬಾಗಿಲಲ್ಲೇ ಇದ್ದರು. ಬಾ ಅನ್ನಲಿಲ್ಲ. ಅಪ್ಪ ನಿಂತಲ್ಲಿಂದಲೇ ಹೇಳಿದರು — “ಕಣ್ಣು ಹೋಯ್ತಾ ಅದೆ ಬಸವಣ್ಣ. ಅವತ್ತು ನಿನ್ ಮುಖ ಕಾಣ್ಲಿಲ್ಲ. ಬೇಕಂತ ಮಾಡ್ಲಿಲ್ಲ.”



“ಇಷ್ಟ್ ದಿನ ಬೇಕಾಯ್ತಾ ನಿಂಗೆ, ನಂಗೊಂದ್ ಮಾತ್ ಹೇಳಕ್ಕೆ?” ದೊಡ್ಡಪ್ಪ ಬೈದರು. ಬೈಯುತ್ತಲೇ ಮೆಟ್ಟಿಲು ಇಳಿದು ಬಂದು ಅಪ್ಪನ ಕೈ ಹಿಡಿದರು. ಒಳಗೆ ಎರಡನೇ ಕಾಫಿ. ಹೊರಟಾಗ, “ನೀನ್ ಮುಂದೆ ಹೋಗವ್ವ, ನಾನ್ ಕರ್ಕೊಂಡ್ ಬತ್ತೀನಿ” ಅಂದರು ದೊಡ್ಡಪ್ಪ.

ಮುಂದೆ ನಡೆದೆ. ಹಿಂದೆ ದೊಡ್ಡಪ್ಪನ ದನಿ. “ಇಲ್ಲಿ ಚರಂಡಿ ಕಲ್ಲು... ಇದು ನನ್ ತಮ್ಮನ ಸ್ಕೂಟ್ರು, ಅಡ್ಡಡ್ಡ ನಿಲ್ಸವ್ನೆ.” ನಲ್ಲಿಯ ಹತ್ತಿರದವರೆಲ್ಲ ತಿರುಗಿದರು. ಅಪ್ಪ ಗಕ್ಕನೆ ನಿಂತದ್ದು ಗೊತ್ತಾಯಿತು.

“ಯಾರಾದ್ರೂ ನೋಡ್ತಾವ್ರಾ?”

“ಎಲ್ಲಾರೂ ನೋಡ್ತಾವ್ರೆ.”

ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

“ನೋಡ್ಲಿ ಬುಡು. ಕೈ ಗಟ್ಟಿಯಾಗಿ ಹಿಡ್ಕೊ.”

ಈಗ ಇಬ್ಬರೂ ಜಗಲಿಯಲ್ಲಿದ್ದಾರೆ. ನನ್ನನ್ನು ಕೂಗುತ್ತಿದ್ದಾರೆ. ನಾರ್ತ್‌ನನ್ನು ಮೊದಲಿನಿಂದ ದೊಡ್ಡಪ್ಪನಿಗೂ ಓದಿ ಹೇಳಬೇಕಂತೆ. ಹೋಗುತ್ತೇನೆ, ಇಲ್ಲದಿದ್ದರೆ ಅಪ್ಪನೇ ನಾರ್ತ್ ಕತೆ ಶುರು ಹಚ್ಚಿಕೊಳ್ಳುತ್ತಾರೆ.