ಒಂದೇ ಕೂಗು

ಟಾರೆನ್ಸ್
ಫೆಬ್ರವರಿ 15, 1996

ಪ್ರೀತಿಯ ಅರುಂಧತಿ ಅಕ್ಕನಿಗೆ,

ನಿಮ್ಮ ಓರಗಿತ್ತಿ ಪ್ರಫುಲ್ಲಾಳ ನಮಸ್ಕಾರ. ನೀವಿರುವ ಸ್ಕ್ರಿಪ್ಸ್ ರ್ಯಾಂಚ್ ಏನು ಸಮುದ್ರದಾಚೆ ಉಂಟಾ, ಫೋನ್ ಮಾಡುವುದು ಬಿಟ್ಟು ಇವಳಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡಿ. ಅರವಿಂದ ಭಾವನ ಉತ್ತರಕ್ರಿಯೆಯ ಮಾತು ಎತ್ತಿದ ಕೂಡಲೇ ನೀವು ಫೋನ್ ಇಡುತ್ತೀರಿ. ಪತ್ರವನ್ನು ಸಿಟ್ಟಿನಲ್ಲಿ ಬಿಸಾಡಿದರೂ ಮತ್ತೆ ಹೆಕ್ಕಿ ಓದಬಹುದಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಶ್ರೀಜಾ ಚೆನ್ನಾಗಿದ್ದಾಳೆ, ನಿಮ್ಮನ್ನು ಕೇಳುತ್ತಾಳೆ. ಟೀವಿ ಮುಂದೆ ಕೂತರೆ ಗಂಟಲು ಹರಿದುಕೊಂಡರೂ ಅಲ್ಲಾಡದವಳು ಈಗ ದಾರಿಗೆ ಬಂದಿದ್ದಾಳೆ. ಮೊದಲ ಸಲ ಕರೆದಾಗಲೇ ಓಗೊಡದಿದ್ದರೆ ಟೀವಿ ಬಂದ್ ಎಂದು ಹೆದರಿಸಿದ್ದೇನೆ. ಈಗ ನಾನು ಬಾಯಿ ತೆರೆಯುವುದರೊಳಗೆ ಕಮಿಂಗ್ ಮಮ್ಮಿ ಎನ್ನುತ್ತಾಳೆ, ಇಂಗ್ಲಿಷಿನಲ್ಲೇ ಸರಿ. ಸಿಜ್ಜುವನ್ನು ಹೆದರಿಸಬೇಡ ಎಂದು ಬಯ್ಯಲು ಭಾವ ಇಲ್ಲವಲ್ಲ. ಅವಳನ್ನು ಸಿಜ್ಜು ಎಂದು ಕರೆಯುತ್ತಿದ್ದದ್ದು ಅವರೊಬ್ಬರೇ.

ಇನ್ನು ನಿಮ್ಮ ಮೈದುನನ ವಿಷಯ. ಇವರಿಗೆ ಭಾವನ ಹಾಗೆಯೇ ಗುಡ್ಡದ ಟಗರಿನ ಬೇಟೆಗೆ ಹೋಗಬೇಕಂತೆ! ಲಾಂಗ್ ಬೀಚಿನ ಬೇಟೆಗಾರರ ಮೇಳಕ್ಕೆ ಹೋಗಿ ಚೀಲ ತುಂಬ ಬ್ರೋಷರ್ ತಂದಿದ್ದಾರೆ. ಎಲ್ ಸೆಗುಂಡೋದ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಅದನ್ನು ಡೈನಿಂಗ್ ಟೇಬಲ್ ಮೇಲೆ ಹರಡುತ್ತಾರೆ. ಕೆನಡಾಕ್ಕೋ, ಅಲಾಸ್ಕಾಕ್ಕೋ, ಮೆಕ್ಸಿಕೋದ ಸೊನೋರಾಕ್ಕೋ? ಯಾವ ಔಟ್‌ಫಿಟರ್ ಒಳ್ಳೆಯವನು, ಕುದುರೆ, ಡೇರೆ, ಗೈಡು ಎಲ್ಲ ಸರಿಯಾಗಿ ಕೊಡುವವನು ಯಾರು? ಇದೇ ಜಪ. ಉಪ್ಪಿನಕಾಯಿ ಭರಣಿ ಇಡಲೂ ಜಾಗ ಇಲ್ಲ ನನಗೆ.

ಮೊದಲು ನನಗೆ ಬರೀ ಸಿಟ್ಟು ಬಂತು. ಆ ಹಾಳು ಟಗರಿನ ಹಿಂದೆ ಹೋದ ಇವರ ಅಣ್ಣ ಮಂಜಿನಲ್ಲಿ ಡೇರೆಯಿಂದ ಹೊರಗೆ ಹೋದವರು ಮತ್ತೆ ಬರಲಿಲ್ಲ. ಹೆಲಿಕಾಪ್ಟರ್ ತಿರುಗಿಸಿ ಹುಡುಕಿದರೂ ಒಂದು ಟೊಪ್ಪಿ ಕೂಡ ಸಿಗಲಿಲ್ಲ. ಒಬ್ಬರು ಹೋದದ್ದು ಸಾಲದಾ ಎಂದು ಕೂಗಾಡಿದೆ. ಆಮೇಲೆ ಇವರ ಬೆನ್ನಚೀಲ ಒಗೆಯಲು ತೆಗೆದರೆ ಅದರಲ್ಲಿ ಕೋವಿಯ ಸಾಮಾನು ಯಾವುದೂ ಇಲ್ಲ. ಅತ್ತೆ ಊರಿನಿಂದ ಗಂಗಾಜಲ ತಂದಿದ್ದ ತಾಮ್ರದ ಚೊಂಬು ಉಂಟು, ಅದರ ಬಾಯಿ ಕಟ್ಟಲು ಒಂದು ಬಿಳಿ ವಸ್ತ್ರ ಉಂಟು. ಇವರಿಗೆ ಬೇಕಾದದ್ದು ಟಗರು ಅಲ್ಲ ಅಕ್ಕ, ಅಣ್ಣನ ಒಂದು ಎಲುಬು. ಅದಾದರೂ ಸಿಕ್ಕಿದರೆ ನೀವು ಬೊಜ್ಜಕ್ಕೆ, ಆ ಉತ್ತರಕ್ರಿಯೆಗೆ, ಒಪ್ಪುತ್ತೀರಿ ಎಂದು ಈ ಮನುಷ್ಯ ನಂಬಿದ್ದಾರೆ. ಆ ಚೊಂಬು ಹಿಡಿದುಕೊಂಡು ನಾನು ವಾಷಿಂಗ್ ಮೆಷಿನ್ ಪಕ್ಕದಲ್ಲೇ ಕೂತು ಅತ್ತೆ.

ಹಾಗಾದರೆ ಭಾವ ಹೋದ ಕೆನಡಾಕ್ಕೇ ಹೋಗದೆ ಅಲಾಸ್ಕಾ, ಸೊನೋರಾ ಯಾಕೆ ಎಂದು ಕೇಳಿದೆ. ಕೆನಡಾ ಎಂದರೆ ನೀನು ಬಿಡುವುದಿಲ್ಲವಲ್ಲ, ಅದಕ್ಕೆ ನಿನ್ನ ಕಣ್ಣಿಗೆ ಮಣ್ಣು ಹಾಕಲು ಬೇರೆ ಎರಡು ಇಟ್ಟೆ ಎಂದು ಒಪ್ಪಿಕೊಂಡರು. ನಾನೂ ಕಮ್ಮಿ ಇಲ್ಲ. ಔಟ್‌ಫಿಟರುಗಳು ಹಿಂದೆ ಹೋಗಿ ಬಂದವರ ಹೆಸರು, ಫೋನ್ ನಂಬರ್ ಕೊಡುತ್ತಾರೆ, ಅವರನ್ನು ವಿಚಾರಿಸಿಯೇ ಬುಕ್ ಮಾಡಬೇಕು. ಆ ಕೆಲಸ ನನಗೆ ಬಿಡಿ ಎಂದೆ. ಕೆನಡಾದ ಬಗ್ಗೆ ಊಟ ಸರಿಯಿಲ್ಲ, ಗೈಡು ಕುಡುಕ ಎಂದು ಏನಾದರೂ ಹುಳುಕು ತೆಗೆದು ಇವರನ್ನು ಬಿಸಿಲಿನ ಸೊನೋರಾಕ್ಕೆ ಅಟ್ಟುವುದು ನನ್ನ ಉಪಾಯ. ಅಲ್ಲಿ ಬರಿಗೈಯಲ್ಲಿ ತಿರುಗಾಡಿಕೊಂಡು ಬರಲಿ, ಜೀವ ಒಂದು ಉಳಿಯುತ್ತದೆ.

ಕೆನಡಾಕ್ಕೆ ಹೋಗಿ ಬಂದಿದ್ದ ಫ್ರೆಸ್ನೋದ ಡೆಂಟಿಸ್ಟ್ ಒಬ್ಬರಿಗೆ ಫೋನ್ ಮಾಡಿದೆ. ಒಳ್ಳೆಯ ಜನ. ಕುದುರೆ, ಊಟ, ಗೈಡು ಎಲ್ಲ ಹೊಗಳಿದರು. ಫೋನ್ ಇಡುವ ಹೊತ್ತಿಗೆ, ಒಂದು ಮಾತು, ಸಂಜೆ ಎದುರು ಗುಡ್ಡದಿಂದ ಯಾರೋ ಕೂಗುತ್ತಾರೆ, ಹೆದರಬೇಡಿ ಎಂದು ನಿಮ್ಮ ಯಜಮಾನರಿಗೆ ಹೇಳಿ ಎಂದರು. ಏನೆಂದು ಕೂಗುತ್ತಾರೆ ಎಂದು ಕೇಳಿದೆ. ಊಮಾ ಎಂದಂತೆ, ಯಾವುದೋ ಹೆಂಗಸಿನ ಹೆಸರಿರಬೇಕು, ಒಂದೇ ಸಲ ಕೂಗಿ ಸುಮ್ಮನಾಗುತ್ತದೆ ಎಂದರು. ಇವರ ಉದ್ದ ಹೆಸರನ್ನು ತುಂಡು ಮಾಡಿ ಉಮಾ ಎಂದು ಕರೆಯುತ್ತಿದ್ದದ್ದು ಭಾವ ಒಬ್ಬರೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಊರಿನಲ್ಲಿ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ನೆನಪುಂಟಲ್ಲ? ಹೊರಗಿನಿಂದ ಹೆಸರು ಹಿಡಿದು ಒಂದು ಸಲ ಕರೆದರೆ ಓಗೊಡಬಾರದು. ಜೀವ ಇದ್ದವರಾದರೆ ಮತ್ತೆ ಕರೆಯುತ್ತಾರೆ, ಇಲ್ಲದವರಿಗೆ ಒಂದೇ ಕೂಗಿನಷ್ಟು ಉಸಿರು. ಓಗೊಟ್ಟವರು ಹಿಂದೆಯೇ ಹೋಗಬೇಕು. ನಾವೆಲ್ಲ ಹಾಗೆ ಬಾಯಿ ಬಿಗಿಹಿಡಿದುಕೊಂಡೇ ಬೆಳೆದವರು.

ಆಯಿತು, ಕೆನಡಾ ಬೇಡವೇ ಬೇಡ ಎಂದು ಅಲಾಸ್ಕಾದ ನಂಬರಿಗೆ ಮಾಡಿದೆ. ರಿಟೈರ್ ಆದ ಮೇಷ್ಟ್ರೊಬ್ಬರು ಸಿಕ್ಕಿದರು. ನಾನು ಕೇಳಲೇ ಇಲ್ಲ ಅಕ್ಕ, ಅವರಾಗಿಯೇ ಹೇಳಿದರು. ಸಂಜೆ ಒಂದು ಕೂಗು, ಅದೇ ಹೆಸರು. ಕೊನೆಗೆ ನಿಮ್ಮ ಊರಿನ ಹತ್ತಿರವೇ, ಎಲ್ ಕಹೋನಿನಲ್ಲಿರುವ ಒಬ್ಬರಿಗೆ ಮಾಡಿದೆ. ಸೊನೋರಾಕ್ಕೆ ಹೋಗಿ ಬಂದವರು. ಹಿಮ ಇಲ್ಲ, ಮಂಜು ಇಲ್ಲ, ಬರೀ ಕಳ್ಳಿ ಮತ್ತು ಕಲ್ಲು ಎಂದರು. ನನಗೆ ಉಸಿರು ಬಂತು. ಎಲ್ಲ ಕೇಳಿ ಆದ ಮೇಲೆ ಸಂಜೆ ಯಾರಾದರೂ ಕೂಗುತ್ತಾರಾ ಎಂದು ನಾನೇ ಕೇಳಿದೆ. ಇದು ನಿಮಗೆ ಹೇಗೆ ಗೊತ್ತು ಎಂದು ಮೆಲ್ಲಗೆ ಕೇಳಿದರು.

ಹಾಗಾದರೆ ಇವರು ಯಾವ ಗುಡ್ಡಕ್ಕೆ ಬೆರಳಿಟ್ಟರೂ ಭಾವ ಅಲ್ಲಿಗೆ ಮೊದಲೇ ಹೋಗಿ ಕೂತಿರುತ್ತಾರೆ. ದ್ವೇಷಕ್ಕಲ್ಲ ಎಂದು ನನಗೆ ಗೊತ್ತು, ಅವರಂಥ ಸಾಧು ಪ್ರಾಣಿ ಎಲ್ಲಿ ಉಂಟು? ಒಬ್ಬರೇ ಇರಲಾರದೆ ಕರೆಯುತ್ತಿದ್ದಾರೆ. ಇವರು ಅಣ್ಣನ ದನಿ ಕೇಳಿದರೆ ಅಜ್ಜಿಯ ಮಾತು ಗಾಳಿಗೆ ಬಿಟ್ಟು ಓಗೊಡುತ್ತಾರೆ. ನನಗೆ ನನ್ನ ಗಂಡ ಬೇಕು ಅಕ್ಕ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ. ದೀಪಾವಳಿಗೆ ಬಂದಾಗ ನೋಡಿದೆ, ನೀವು ಈಗಲೂ ಅವರಿಗೆ ಊಟಕ್ಕೆ ಬಟ್ಟಲಿಡುತ್ತೀರಿ, ಗರಾಜಿನ ಬಾಗಿಲು ಅರ್ಧ ಎತ್ತಿಯೇ ಬಿಡುತ್ತೀರಿ. ಬಾಗಿಲು ಹಾಕದ ಮನೆಯಿಂದ ಅವರಾದರೂ ಹೇಗೆ ಹೊರಡಬೇಕು? ದೇಹ ಸಿಗದಿದ್ದರೂ ದರ್ಭೆಯ ಗೊಂಬೆ ಮಾಡಿ ಕ್ರಿಯೆ ಮುಗಿಸಬಹುದು ಎಂದು ಇಲ್ಲಿಯ ಭಟ್ಟರು ಹೇಳಿದ್ದಾರೆ. ನೀವು ಹೂಂ ಎಂದರೆ ಇವರು ಎಲ್ಲಿಗೂ ಹೋಗಬೇಕಾಗಿಲ್ಲ. ನಿಮ್ಮ ಕುಂಕುಮ ಅಳಿಸಿ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದವರ ಬಾಯಿಗೆ ನಾನೇ ಬಡಿಯುತ್ತೇನೆ. ಅವರನ್ನು ಕಳಿಸಿಕೊಡಿ, ಅಷ್ಟೇ.

ಬೇಕಾದಷ್ಟು ಬೈಯಿರಿ, ಆದರೆ ಉತ್ತರ ಕೊಡಿ.

ನಿಮ್ಮ ಬಾಯಿಬಡುಕಿ ತಂಗಿ,
ಪ್ರಫುಲ್ಲಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಸಂಜೆ ಇವರೂ ನಾನೂ ಅಡಿಗೆಮನೆಯಲ್ಲಿ ಇದ್ದೆವು. ಹಿತ್ತಿಲಿನ ಕರಿಬೇವಿನ ಗಿಡದ ಕಡೆಯಿಂದ ಒಂದು ಕೂಗು ಬಂತು. ಒಂದೇ. ಉಮಾ ಎಂದಲ್ಲ ಅಕ್ಕ, ಸಿಜ್ಜೂ ಎಂದು. ಇವರು ನನ್ನ ಮುಖ ನೋಡಿದರು, ನಾನು ಬೇಡ ಎಂದು ತಲೆಯಾಡಿಸಿದೆ. ಇಬ್ಬರೂ ಬಾಯಿ ಬಿಗಿಹಿಡಿದು ನಿಂತೆವು. ಅಜ್ಜಿಯ ಮಾತನ್ನು ಮಗುವಿಗೆ ನಾವು ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಟೀವಿ ಮುಂದಿನಿಂದ ಶ್ರೀಜಾ ನಾನು ಕಲಿಸಿದ ಹಾಗೆಯೇ ಮೊದಲ ಕೂಗಿಗೇ ಓಗೊಟ್ಟಳು, ಕಮಿಂಗ್ ದೊಡ್ಡಪ್ಪ ಎಂದು. ಬಾಗಿಲ ಚಿಲಕ ತೆಗೆಯುತ್ತಿದ್ದವಳನ್ನು ಇವರು ಓಡಿ ಹೋಗಿ ಎತ್ತಿಕೊಂಡರು. ದೊಡ್ಡಪ್ಪ ಕಾಯುತ್ತಿದ್ದಾರೆ ಎಂದು ಹಟ ಮಾಡುತ್ತಲೇ ಇದ್ದಾಳೆ. ಬೊಜ್ಜಕ್ಕೆ ಬೇಗ ದಿನ ಗೊತ್ತು ಮಾಡಿ. ಅಕ್ಷರ ಸೊಟ್ಟಗಾಗಿದ್ದರೆ ಬೇಸರಿಸಬೇಡಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಅವಳನ್ನು ಹಿಡಿದುಕೊಂಡಿದ್ದೇನೆ.