ಸೈರನ್ ಕೇಳದ ಕೈಗಳು

ಮೌನವಿಳಿದ ಒಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಮೊದಲ ದಿನ
ತುಂಗಭದ್ರೆಯ ದಂಡೆ

ಸಭೆಗೆ ನಮಸ್ಕಾರ. ಹೊಲಿಗೆ ಕಾರ್ಖಾನೆಯಿಂದ ನೇರವಾಗಿ ಬಂದು, ನೂಲಿನ ಎಳೆ ಇನ್ನೂ ಕೂದಲಿಗೆ ಅಂಟಿರುವಂತೆಯೇ ಕುಳಿತಿರುವ ಕಿರಿಯರಿಗೆ ನನ್ನ ಪ್ರೀತಿ. ನಿಮ್ಮ ನಡುವಿನ ಹಿರಿಯರಿಗೆ ಕೃತಜ್ಞತೆ. ಸಂಘ ಎಂಬ ಮಾತನ್ನು ಪಿಸುಗುಟ್ಟಬೇಕಾಗಿದ್ದ ಕಾಲದಲ್ಲಿ ಅವರು ಅದನ್ನು ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು. ದುಡಿಮೆಗೆ ಒಂದು ಕೊನೆಯ ಹೊತ್ತನ್ನು ಗೆದ್ದುಕೊಟ್ಟರು. ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು; ನಾನು ಬರೆಯುತ್ತಿರುವುದು ನಿಮಗಿನ್ನೂ ಬರಬೇಕಾದ ಕಾಲದಿಂದ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮೆಯಿರಲಿ, ಅವುಗಳ ಅರ್ಥವನ್ನು ಹೇಳುತ್ತ ಹೋಗುತ್ತೇನೆ.

ನಿಮ್ಮಲ್ಲೊಬ್ಬರನ್ನು ಚುನಾವಣೆಗೆ ನಿಲ್ಲಿಸಬೇಕೇ, ಬೇಡವೇ ಎಂದು ತೀರ್ಮಾನಿಸಲು ನೀವು ಸೇರಿದ್ದೀರಿ ಎಂಬುದನ್ನು ಬಲ್ಲೆ. ಅದಕ್ಕಾಗಿಯೇ ಕರಿಬಸಮ್ಮನ ಕಥೆಯನ್ನು ಬರೆಯುತ್ತಿದ್ದೇನೆ. ದುಡಿಯುವವರ ಹಕ್ಕುಗಳ ಪಾಠವನ್ನು ನನ್ನಲ್ಲಿ ಕಲಿತ ಹುಡುಗಿ ಆಕೆ. ಮುಂದೆ ವಕೀಲೆಯಾದಳು, ಆಮೇಲೆ ನಮ್ಮ ಊರಿನ ಅಭ್ಯರ್ಥಿಯಾದಳು.

ನಮ್ಮ ಕಾಲದಲ್ಲಿ ಕೆಲಸಗಾರರು ಕಲಿಗವಸು ತೊಡುತ್ತಿದ್ದರು. ಅದು ಕೈಯ ಪ್ರತಿಯೊಂದು ಚಲನೆಯನ್ನೂ ಕಲಿತುಕೊಳ್ಳುವ ತೆಳುವಾದ ಕೈಗವಸು. ಕೊರಳಿಗೆ ಕಟ್ಟುವ ಮಣಿಯೊಂದು ದನಿಯನ್ನು ಕಲಿಯುತ್ತಿತ್ತು. ಆ ಮನುಷ್ಯ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ಒಂದು ಜೊತೆ ಲೋಹದ ಕೈಗಳು ಬರುತ್ತಿದ್ದವು. ಅವು ಅವನಂತೆಯೇ ಬಟ್ಟೆ ಮಡಚಿ, ಅವನಂತೆಯೇ ಹೊಲಿಗೆ ಹಾಕಿ, ದಾರ ತುಂಡಾದಾಗ ಅವನಂತೆಯೇ ನಿಟ್ಟುಸಿರು ಬಿಡುತ್ತಿದ್ದವು. ನಾವು ಅವನ್ನು ನೆರಳಾಳು ಎಂದು ಕರೆದೆವು. ದಿನಕ್ಕೊಮ್ಮೆ ಹಾಜರಿಗೆ ಓಗೊಡದಿದ್ದರೆ ಯಂತ್ರ ಮುಂದುವರಿಯುತ್ತಿರಲಿಲ್ಲ. ಹೀಗಾಗಿ ದಿನವೂ ಬೆಳಿಗ್ಗೆ ಸತ್ತವರ ಹೆಸರುಗಳನ್ನು ಕರೆಯಲಾಗುತ್ತಿತ್ತು. ಒಬ್ಬೊಬ್ಬರಾಗಿ ‘ಅದೀನಿ’ ಎನ್ನುತ್ತಿದ್ದರು.

ಅದನ್ನು ಕೇಳಲು ಮನೆಯವರು ಕಾರ್ಖಾನೆಯ ಕಿಟಕಿಗೆ ಬರುತ್ತಿದ್ದರು. ಸ್ನಾನ ಮಾಡಿ, ಮಡಿಯುಟ್ಟು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಸರಳುಗಳಿಗೆ ಕಿವಿಯೊಡ್ಡಿ ನಿಲ್ಲುವುದೇ ಊರಿನ ಪದ್ಧತಿಯಾಯಿತು. ಮದುವೆಯಾದ ಜೋಡಿಗಳೂ ಮೊದಲು ಅಲ್ಲಿಗೇ ಬರುತ್ತಿದ್ದವು. ಸ್ಮಶಾನದ ದಾರಿಯಲ್ಲಿ ಹುಲ್ಲು ಬೆಳೆಯಿತು. ಒಂದು ಜಾಗವೂ ಖಾಲಿಯಾಗದ ಕಾರ್ಖಾನೆಯ ಹೊರಗೆ ಊರಿನ ಯುವಕ ಯುವತಿಯರು ಕೆಲಸವಿಲ್ಲದೆ ಕುಳಿತಿರುತ್ತಿದ್ದರು. ಒಳಗೆ ಅವರ ಅಜ್ಜಿಯರು ಹೊಲಿಯುತ್ತಲೇ ಇರುತ್ತಿದ್ದರು. ಸಂಜೆ, ಬೆಳಗು ಎಂಬ ಭೇದ ಅಲ್ಲಿರಲಿಲ್ಲ. ಪಾಳಿ ಮುಗಿಯಿತೆಂದು ಸಾರುತ್ತಿದ್ದ ಸೈರನ್ ಚಾವಣಿಯ ಮೇಲೆ ತುಕ್ಕು ಹಿಡಿದಿತ್ತು. ದಣಿಯದವರಿಗೆ ಅದೇಕೆಂದು ಮಾಲೀಕರು ಅದನ್ನು ನಿಲ್ಲಿಸಿಬಿಟ್ಟಿದ್ದರು.

ಕರಿಬಸಮ್ಮ ಕೇಳಿದ್ದು ಇಷ್ಟೇ: ಸತ್ತವರಿಗೂ ಪಾಳಿ ಮುಗಿಯಬೇಕು, ಅವರ ಜಾಗ ಬದುಕಿರುವವರಿಗೆ ಸಿಗಬೇಕು. ಆಕೆಯ ತಾಯಿ ಹಾಲವ್ವನೂ ಕಿಟಕಿಯ ಪಕ್ಕದ ಸಾಲಿನಲ್ಲೇ ನೆರಳಾಳಾಗಿದ್ದಳು. ಎದುರಾಳಿ ರುದ್ರಮುನಿ ಕಾರ್ಖಾನೆಯವರ ಮನುಷ್ಯ, ಮಾತಿನಲ್ಲಿ ಜಾಣ. ಹೆತ್ತ ತಾಯಿಯನ್ನು ಎರಡನೆಯ ಸಲ ಸಾಯಿಸಲು ಹೊರಟವಳು ನಿಮ್ಮನ್ನು ಸಾಕುತ್ತಾಳೆಯೇ ಎಂದು ಅವನು ಬೀದಿ ಬೀದಿಯಲ್ಲೂ ಕೇಳಿದ. ಜನ ಕರಿಬಸಮ್ಮನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ತೀರಿಕೊಂಡ ಮಗ ದಾದಾಪೀರನ ದನಿ ಕೇಳದೆ ಬೆಳಗಿನ ಚಹಾ ಕುಡಿಯದ ಖಾಜಾಬಿ ಮಾತ್ರ ಬಾಗಿಲು ತೆರೆದೇ ನಿಂತಳು.

“ನಿಮ್ಮವ್ವನ್ನ ನೀ ಏನಾರ ಮಾಡ್ಕ ತಾಯಿ, ವಕೀಲ್ಕಿ ಓದಿದಾಕಿ,” ಎಂದಳು. “ನನ್ ಮಗನ್ ತಂಟಿಗೆ ಬರಬ್ಯಾಡ. ಅವ ಅಲ್ಲಿ ಆರಾಮ್ ಅದಾನ.”

ಕರಿಬಸಮ್ಮ ಅಲ್ಲಿಂದ ಹಿಂದಿರುಗಿದಳು. ನನ್ನ ಬಳಿ ಬಂದು ಕುಳಿತು, ಚುನಾವಣೆ ಸೋತೆವೇನೋ ಎಂದಳು. ತನಗೂ ಬೆಳಿಗ್ಗೆ ಎದ್ದೊಡನೆ ಆ ಕಿಟಕಿಯೇ ನೆನಪಾಗುತ್ತದೆ, ಖಾಜಾಬಿಗೆ ಏನು ಹೇಳಲಿ ಎಂದಳು.

ನಮ್ಮಲ್ಲಿ ಪ್ರಚಾರದ ಕೊನೆಯ ದಿನ ಪ್ರತಿಯೊಬ್ಬ ಅಭ್ಯರ್ಥಿಯೂ ಊರಿನ ಮುಂದೆ ಒಂದು ಕೋರಿಕೆ ಇಡಬಹುದು. ಅದನ್ನು ಯಾರೂ ನಿರಾಕರಿಸುವಂತಿಲ್ಲ. ರುದ್ರಮುನಿ, ಸತ್ತವರ ದನಿ ಊರಿಗೆಲ್ಲ ಕೇಳಲಿ ಎಂದು ಪ್ರತಿ ಕಂಬಕ್ಕೂ ಧ್ವನಿವರ್ಧಕ ಕಟ್ಟಿಸಿದ. ಅಂದು ಬೆಳಿಗ್ಗೆ ಮನೆಯ ಮಾಳಿಗೆ, ಸಂತೆ ಮೈದಾನ, ಹೊಳೆಯ ಮೆಟ್ಟಿಲುಗಳ ಮೇಲೆಲ್ಲ ‘ಅದೀನಿ, ಅದೀನಿ’ ಎಂಬ ದನಿ ಹರಡಿತು. ಜನ ಅಳುತ್ತ ಕೈಮುಗಿದರು. ಆಮೇಲೆ ಕರಿಬಸಮ್ಮ ತನ್ನ ಕೋರಿಕೆಯನ್ನು ಹೇಳಿದಳು: ಚಾವಣಿಯ ಸೈರನ್ ಒಂದು ಸಲ ಕೂಗಲಿ.

ರುದ್ರಮುನಿ ನಕ್ಕ. “ತುಕ್ಕು ಹಿಡಿದದ್ದು ಕೂಗಿದ್ರ ನಿಂಗೇ ಓಟು ಹಾಕ್ತೀನಿ ಬಿಡಮ್ಮ,” ಎಂದ. ಸೈರನ್ನಿನ ಬಾಯಿಯನ್ನು ಒರೆಸಿ, ಎಣ್ಣೆ ಬಿಟ್ಟರು. ಅದು ಮೊದಲು ಕೆಮ್ಮಿ, ಆಮೇಲೆ ಉದ್ದಕ್ಕೆ ಕೂಗಿತು.

ಕಾರ್ಖಾನೆಯವರು ಸೈರನ್ನನ್ನು ನಿಲ್ಲಿಸಿದ್ದರು. ಆದರೆ ಸೈರನ್ ಕೇಳಿದ ಮೇಲೆ ಕೆಲಸಗಾರ ಏನು ಮಾಡುತ್ತಿದ್ದ, ಏನು ಹೇಳುತ್ತಿದ್ದ ಎಂಬುದನ್ನೂ ಕಲಿಗವಸು ಮತ್ತು ಮಣಿ ಕಲಿತಿರುತ್ತವೆ ಎಂಬುದು ಅವರ ಲಕ್ಷ್ಯಕ್ಕೇ ಬಂದಿರಲಿಲ್ಲ. ಕಿಟಕಿಗೆ ಕಾಣುತ್ತಿದ್ದ ಎಲ್ಲ ಲೋಹದ ಕೈಗಳೂ ಒಮ್ಮೆಗೇ ನಿಂತವು. ಬೆರಳುಗಳು ಒಂದನ್ನೊಂದು ತಿಕ್ಕಿಕೊಂಡವು, ಮಣಿಕಟ್ಟು ಹಿಡಿದುಕೊಂಡವು. ಆ ಬಳಿಕ, ನಮ್ಮ ಮಣ್ಣಾದವರೆಲ್ಲ ಪಾಳಿಯ ಕೊನೆಗೆ ತಮ್ಮಷ್ಟಕ್ಕೆ ಗೊಣಗುತ್ತಿದ್ದ ಮಾತುಗಳು ರುದ್ರಮುನಿ ಕಟ್ಟಿಸಿದ ಧ್ವನಿವರ್ಧಕಗಳಿಂದಲೇ ಊರಿಗೆಲ್ಲ ಕೇಳಿದವು. ಸೊಂಟ ಮುರೀತು ಅಂದ ದನಿಗಳು, ಕಣ್ಣು ಮಂಜಾಗ್ಯಾವ ಅಂದ ದನಿಗಳು. ಹಾಲವ್ವ, “ಸಾಕ್ ನಡೀರಿ, ಮನಿಗೆ ಹೋಗನ,” ಎಂದಳು. ಅದರ ಹಿಂದೆಯೇ ದಾದಾಪೀರನ ಎಳೆಯ ದನಿ: “ಕೈ ಭಾಳ ನೋಯ್ತಾವ.”

ಖಾಜಾಬಿ ಕಿಟಕಿಯ ಸರಳನ್ನು ಹಿಡಿದುಕೊಂಡೇ ಇದ್ದಳು. ಕರಿಬಸಮ್ಮನ ಕಡೆ ತಿರುಗಿ, “ಇಷ್ಟ್ ವರ್ಷ ನೋಯ್ತಿದ್ವಂತೇನವ್ವ,” ಎಂದು ಕೇಳಿದಳು. ಆಮೇಲೆ ಸೆರಗನ್ನು ಸರಿಮಾಡಿಕೊಂಡು ಕಿಟಕಿಯೊಳಗೆ ಬಾಗಿ, “ಬಾ ಮಗಾ, ಮನಿಗೆ ಬಾ,” ಎಂದಳು.

ಮರುದಿನ ಜನ ಮತ ಹಾಕಿದರು. ಕರಿಬಸಮ್ಮ ಗೆದ್ದಳು. ಸೈರನ್ ಊರಿಂದೂರಿಗೆ ಹೋಯಿತು. ಅಲ್ಲಿಯ ನೆರಳಾಳುಗಳೂ ಒಂದೊಂದೇ ಸಾಲಾಗಿ ಕೆಲಸ ನಿಲ್ಲಿಸಿದವು. ಕಿಟಕಿಗಳಲ್ಲಿ ಮೌನವಿಳಿಯಿತು. ನಾವು ವರ್ಷಗಳನ್ನು ಎಣಿಸುವುದು ಆ ದಿನದಿಂದ. ಈಗ ಆ ಜಾಗಗಳಲ್ಲಿ ಕಿರಿಯರು ಕುಳಿತಿದ್ದಾರೆ, ಕೆಲಸದ ನಡುವೆ ಒಬ್ಬರನ್ನೊಬ್ಬರು ರೇಗಿಸುತ್ತ ನಗುತ್ತಾರೆ. ಆ ನಗು ಕೇಳಲೆಂದೇ ನಾನು ಸುಮ್ಮನೆ ಆ ಬೀದಿಯಲ್ಲಿ ಹಾಯ್ದು ಹೋಗುವುದುಂಟು.

ಕಥೆ ಇಲ್ಲಿಗೇ ಮುಗಿಯುವಂತಿದ್ದರೆ ನಿಮಗೆ ಈ ಕಾಗದ ಬರೆಯುತ್ತಿರಲಿಲ್ಲ.

ಕಾರ್ಖಾನೆಯ ಹಿಂದೆ, ಎಲ್ಲಕ್ಕಿಂತ ಹಳೆಯದಾದ ಶೆಡ್ ಒಂದಿದೆ. ಅಲ್ಲಿನ ಕೈಗಳು ಸೈರನ್ನಿಗೆ ನಿಲ್ಲಲಿಲ್ಲ. ಮತ್ತೆ ಕೂಗಿಸಿದೆವು, ಹೊಲಿಯುತ್ತಲೇ ಇದ್ದವು. ಕರಿಬಸಮ್ಮ ವಿದ್ಯುತ್ತನ್ನೇ ಕಡಿಸಿದಳು. ಕೈಗಳು ನಿಂತವು, ದನಿ ನಿಲ್ಲಲಿಲ್ಲ. ಇಂದಿಗೂ ಬೆಳಗಾದರೆ, ಹೆಸರು ಕರೆಯುವವರು ಯಾರೂ ಇಲ್ಲದಿದ್ದರೂ, ಕತ್ತಲ ಶೆಡ್ಡಿನೊಳಗಿಂದ ‘ಅದೀನಿ’ ಎಂಬ ಓಗೊಡುವಿಕೆ ಬರುತ್ತದೆ. ಕಾರಣವನ್ನು ತಡವಾಗಿ ತಿಳಿದೆವು. ಅವು ಮೊಟ್ಟಮೊದಲ ಕಲಿಗವಸುಗಳಿಂದ ಹುಟ್ಟಿದ ನೆರಳಾಳುಗಳು. ಆ ಗವಸುಗಳನ್ನೂ ಮಣಿಗಳನ್ನೂ ಪಾಳಿ ಮುಗಿಯುವ ಮೊದಲೇ ಬಿಚ್ಚಿಸಿ ಕೊಂಡೊಯ್ಯುತ್ತಿದ್ದರಂತೆ. ಸೈರನ್ ಎಂದರೇನೆಂದು ಅವು ಕಲಿಯಲೇ ಇಲ್ಲ. ನಿಲ್ಲುವುದು ಅವುಗಳಿಗೆ ಗೊತ್ತಿಲ್ಲ.

ಆ ಗವಸುಗಳು ಬಂದದ್ದು ನಿಮ್ಮ ಕಾಲದಲ್ಲಿ, ನಿಮ್ಮ ಕಾರ್ಖಾನೆಗಳಿಗೆ. ಪ್ರತಿ ಯಂತ್ರದ ಮೇಲೂ ಒಂದು ಹೆಸರು ಕೊರೆದಿದೆ. ನಾನು ಓದಿದ್ದೇನೆ. ಈ ಸಭೆಯಲ್ಲಿ ಕುಳಿತವರ ಹೆಸರುಗಳೂ ಅಲ್ಲಿವೆ. ಯಾರವೆಂದು ಬರೆಯಲಾರೆ, ಎಳೆಯರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನಮ್ಮಿಂದ ಆ ದನಿಗಳಿಗೆ ಬಿಡುಗಡೆ ಸಿಗಲಾರದು, ನಿಮ್ಮಿಂದ ಸಿಗಬಹುದು. ಕೆಲಸ ಹಗುರಾಗುತ್ತದೆಂದು ಹೇಳಿ, ಹೊಸ ಕೈಗವಸಿನ ಪೆಟ್ಟಿಗೆಯನ್ನು ನಿಮ್ಮ ಮುಂದಿಡುತ್ತಾರೆ. ಅದರೊಳಗೆ ಕೈ ತೂರಿಸುವ ಮುನ್ನ, ಇದು ಯಾವಾಗ ನಿಲ್ಲುತ್ತದೆ ಎಂದು ಕೇಳಿ. ಉತ್ತರ ಕಾನೂನಾಗುವವರೆಗೆ ಕೇಳುತ್ತಲೇ ಇರಿ. ಗೇಟಿನ ಹೊರಗೆ ನಿಂತು ಕೇಳಿದರೆ ಸಾಲದು. ಕಾನೂನು ಬರೆಯುವ ಮನೆಯೊಳಗೆ ನಿಮ್ಮವರೊಬ್ಬರು ಕುಳಿತು ಕೇಳಬೇಕು. ಆದ್ದರಿಂದ ಇಂದಿನ ಪ್ರಶ್ನೆಗೆ ನನ್ನ ಉತ್ತರ, ಚುನಾವಣೆಗೆ ನಿಲ್ಲಿಸಿ.

ಮಕ್ಕಳೇ, ಈ ಕಾಗದ ಓದಿ ಮುಗಿಸಿದ ಕೂಡಲೇ ಹಿರಿಯರೊಬ್ಬರು ಎದ್ದು ಹಾಜರಿ ಕರೆಯಲಿ. ನಿಮ್ಮಲ್ಲಿ ಯಾರು ಅಭ್ಯರ್ಥಿಯಾಗಿ ನಿಲ್ಲುತ್ತೀರೋ ಅವರು, ಬದುಕಿರುವ ಕೊರಳಿನಿಂದ, ಎಲ್ಲರಿಗೂ ಕೇಳುವಂತೆ ‘ಅದೀನಿ’ ಎನ್ನಿ. ಕೆಲಸ ಅಲ್ಲಿಂದ ಶುರುವಾಗಲಿ.